ಗ್ಯಾಸೋ ಕರೆಂಟೋ: ಕ್ಯಾಂಪರ್ ವ್ಯಾನಿನಲ್ಲಿ ಎರಡನ್ನೂ ಬಳಸಿ ನೋಡಿದ ಮೇಲೆ

"ತಮ್ಮಾ, ರೊಟ್ಟಿ ಉಬ್ಬವಲ್ದು ನೋಡು" ಅಂತ ಅವ್ವ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಇರುವ ನಮ್ಮ ವ್ಯಾನಿನ ಒಳಗಿಂದ ಕರೆದಾಗ ನಾವು ಚಿಂಚೋಳಿ ಕಡೆಯ ಚಂದ್ರಂಪಳ್ಳಿ ಡ್ಯಾಮಿನ ಹತ್ತಿರ ನಿಂತಿದ್ದೆವು. ಗ್ಯಾಸ್ ಪೂರಾ ಕಿತ್ತು ಹಾಕಿ ಎಲ್ಲವನ್ನೂ ಕರೆಂಟ್ ಮೇಲೆ ತಂದ ಮೇಲೆ ಅದೇ ಮೊದಲ ಪ್ರಯಾಣ. ಅನ್ನ ಆಗಿತ್ತು. ತೊಗರಿ ಬೇಳೆ ಬೆಂದಿತ್ತು. ಚಹಾ ಎರಡು ಸಲ ಆಗಿತ್ತು. ರೊಟ್ಟಿ ಮಾತ್ರ ನಡುವೆ ಕಪ್ಪು, ಅಂಚಿಗೆ ಹಸಿ.

ಕಾರಣ ಸರಳ. ಇಂಡಕ್ಷನ್ ಒಲೆಯ ಗಾಜಿನ ಕೆಳಗಿರುವ ಸುರುಳಿ ಸುಮಾರು 18 ಸೆಂಟಿಮೀಟರ್ ಅಗಲ. ಅಷ್ಟು ಜಾಗ ಮಾತ್ರ ಚೆನ್ನಾಗಿ ಕಾಯುತ್ತದೆ. ಅವ್ವ ಬಡಿಯುವ ಜೋಳದ ರೊಟ್ಟಿ ಅದಕ್ಕಿಂತ ಎಷ್ಟೋ ದೊಡ್ಡದು. ಮನೆಯ ಕಬ್ಬಿಣದ ಹಂಚು ನಡುವೆ ತಗ್ಗಾಗಿ ಬಾಗಿರುತ್ತದೆ, ಅದು ಆ ಒಲೆಯ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಚಪ್ಪಟೆ ತವಾ ತಂದರೂ, ಒಣ ತವಾ ಜಾಸ್ತಿ ಕಾದಾಗ ಒಲೆಯೇ ತಾನಾಗಿ ನಿಂತುಬಿಡುತ್ತದೆ. ರೊಟ್ಟಿಗೆ ಬೇಕಿರುವುದು ಒಂದೇ ಸಮನೆ ಕಾದ ಹಂಚು, ಕೊನೆಗೆ ಅಂಚು ಸುಡಲು ಒಂಚೂರು ಬೆಂಕಿ. ಎರಡೂ ಅಲ್ಲಿ ಸಿಗಲ್ಲ.

ಹಾಗಾದರೆ ಗ್ಯಾಸೇ ಒಳ್ಳೆಯದಾ? ಅಲ್ಲ. ಗ್ಯಾಸನ್ನು 14 ತಿಂಗಳು ಬಳಸಿ, ಬೇಡ ಅನ್ನಿಸಿ ತೆಗೆಸಿದವನು ನಾನು. ಈಗ ಕರೆಂಟ್ ಮೇಲೆ ಒಂದು ವರ್ಷ ದಾಟಿದೆ. ವ್ಯಾನ್ ಒಂದೇ, ಮಂದಿ ಅದೇ ನಾಲ್ಕು ಜನ: ನಾನು, ಹೆಂಡತಿ, ಮಗಳು, ಅವ್ವ. ರಸ್ತೆಗಳೂ ಹೆಚ್ಚು ಕಡಿಮೆ ಅವೇ: ಕಲಬುರಗಿಯಿಂದ ಬೀದರ್, ಬಸವಕಲ್ಯಾಣ, ಗಾಣಗಾಪುರ, ಸನ್ನತಿ, ಸುರಪುರ ಕಡೆಯ ಬೋನಾಳ ಕೆರೆ. ಹಾಗಾಗಿ ಹೋಲಿಸಲು ನನಗೆ ಸುಲಭ.

ಹೊರದೇಶದವರು ಬರೆದದ್ದು ಓದಿದರೆ ಎಲ್ಲ ಕಡೆ ಪ್ರೊಪೇನ್ ಅಂತ ಇರುತ್ತದೆ. ನಮ್ಮಲ್ಲಿ ಸಿಗುವ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನ್ ಎರಡೂ ಸೇರಿದ್ದು. ಅವರಿಗೆ ಚಳಿಯ ಚಿಂತೆ, ಯಾಕಂದರೆ ಸೊನ್ನೆ ಡಿಗ್ರಿ ಹತ್ತಿರ ಬ್ಯೂಟೇನ್ ಆವಿಯೇ ಆಗುವುದಿಲ್ಲ. ಬೀದರಿನ ಡಿಸೆಂಬರ್ ರಾತ್ರಿಯಲ್ಲೂ ನಮಗೆ ಆ ತೊಂದರೆ ಬಂದಿಲ್ಲ. ನಮ್ಮ ಚಿಂತೆ ಪೂರಾ ಬೇರೆ: ಸೆಕೆ.

ಮೊದಲು ಗ್ಯಾಸಿನ ಒಳ್ಳೆಯ ಗುಣ ಹೇಳುತ್ತೇನೆ, ಅದು ಸಣ್ಣದಲ್ಲ. ಒಂದು ಕಿಲೋ ಎಲ್‌ಪಿಜಿಯಲ್ಲಿ ಹತ್ತಿರ ಹತ್ತಿರ 13 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್, ಅಂದರೆ ಕಿಲೋವ್ಯಾಟ್ ಅವರ್) ಶಾಖ ಇದೆ. ಅಂದರೆ 5 ಕಿಲೋದ ಸಣ್ಣ ಸಿಲಿಂಡರಿನಲ್ಲಿ 60 ಯೂನಿಟ್ ಮೇಲೆ. ನನ್ನ ಲಿಥಿಯಂ ಬ್ಯಾಟರಿ 24 ವೋಲ್ಟಿನದು, 200 ಆಂಪಿಯರ್ ಅವರ್, ಇಬ್ಬರು ಸೇರಿ ಎತ್ತಬೇಕು. ಅದರಲ್ಲಿ ಹಿಡಿಯುವುದು ಬರೀ 5 ಯೂನಿಟ್. ಗ್ಯಾಸ್ ಒಲೆಯಲ್ಲಿ ನೂರಕ್ಕೆ ಸುಮಾರು 40 ಭಾಗ ಶಾಖ ಪಾತ್ರೆಗೆ ತಾಗದೆ ಗಾಳಿಗೆ ಹೋಗುತ್ತದೆ ಅಂತ ಕಳೆದರೂ ಎರಡರ ನಡುವೆ ಹೋಲಿಕೆಯೇ ಇಲ್ಲ. ಒಂದು ಸಣ್ಣ ಸಿಲಿಂಡರ್ ನಮಗೆ 18–20 ದಿನ ಬರುತ್ತಿತ್ತು. ಮಳೆ ಬರಲಿ, ಮೋಡ ಕವಿಯಲಿ, ಒಲೆ ಹತ್ತುತ್ತಿತ್ತು. ಖರ್ಚಿನಲ್ಲೂ ಅಷ್ಟೇ. ಒಲೆ, ಪೈಪು, ಸಿಲಿಂಡರ್ ಪೆಟ್ಟಿಗೆ ಎಲ್ಲ ಸೇರಿ ನನಗೆ 15 ಸಾವಿರದ ಒಳಗೆ ಮುಗಿದಿತ್ತು. ಕರೆಂಟಿಗೆ ಬ್ಯಾಟರಿ, 3000 ವ್ಯಾಟಿನ ಇನ್ವರ್ಟರ್, ಮೇಲೆ 330 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್, ವೈರಿಂಗ್ ಅಂತ 1.7 ಲಕ್ಷ ಹೋಯಿತು.

ಇಷ್ಟಿದ್ದರೂ ಗ್ಯಾಸ್ ಯಾಕೆ ಬಿಟ್ಟೆ ಅಂದರೆ, ನಮ್ಮ ಏಪ್ರಿಲ್ ತಿಂಗಳು. ಹೊರಗೆ 42 ಡಿಗ್ರಿ ಇರುವಾಗ ತಗಡಿನ ವ್ಯಾನಿನೊಳಗೆ ಗ್ಯಾಸ್ ಹಚ್ಚಿ ಅನ್ನ ಬೇಯಿಸಿ ನೋಡಬೇಕು. ಪಾತ್ರೆಗೆ ತಾಗದ ಆ ಶಾಖವೆಲ್ಲ ಒಳಗೇ ಉಳಿಯುತ್ತದೆ. ಅದರ ಜೊತೆ ಇನ್ನೊಂದು ವಿಷಯ ಇದೆ, ಬಹಳ ಜನ ಗಮನಿಸಲ್ಲ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕಿಲೋ ನೀರಿನ ಆವಿ ಹುಟ್ಟುತ್ತದೆ. ಸೆಕೆಯ ಮೇಲೆ ಹಬೆ. ಬೆಂಕಿ ಉರಿಯುವಾಗ ಫ್ಯಾನ್ ಜೋರು ಮಾಡಿದರೆ ಒಲೆ ಆರುತ್ತದೆ, ಕಿಟಕಿ ಮುಚ್ಚಿದರೆ ಉಸಿರಾಡುವ ಗಾಳಿ ಕೆಡುತ್ತದೆ. ಹೆಂಡತಿ ಯಾದಗಿರಿಯಲ್ಲಿ ಒಂದು ಮಧ್ಯಾಹ್ನ ಅಡುಗೆ ಮಾಡಿ ತಲೆ ಸುತ್ತಿ ಕೂತುಬಿಟ್ಟಳು. ಅವತ್ತೇ ನನಗೆ ಗ್ಯಾಸ್ ಬಿಡಲು ಅರ್ಧ ಮನಸ್ಸು ಆಗಿತ್ತು. ಇಂಡಕ್ಷನ್ ಮೇಲೆ ಅದೇ ಅಡುಗೆ ಮಾಡುವಾಗ ಫ್ಯಾನ್ ಮುಖಕ್ಕೇ ಇಟ್ಟುಕೊಳ್ಳಬಹುದು. ಇದೊಂದಕ್ಕೇ ನಾನು ಕರೆಂಟಿಗೆ ಜಾಸ್ತಿ ಅಂಕ ಕೊಡುತ್ತೇನೆ.

ಫ್ರಿಜ್ ವಿಷಯದಲ್ಲಿ ಯೋಚನೆಯೇ ಬೇಡ. ಮೊದಲು ನಾನು ಹಾಕಿಸಿದ್ದು ಗ್ಯಾಸಿನಲ್ಲೂ ಓಡುವ ಹಳೇ ಫ್ರಿಜ್. ಅದರಲ್ಲಿ ಕಂಪ್ರೆಸರ್ ಇರಲ್ಲ, ಸಣ್ಣ ಜ್ವಾಲೆಯ ಶಾಖದಿಂದಲೇ ತಂಪು ಮಾಡುತ್ತದೆ. ಸದ್ದಿಲ್ಲ, ನಿಜ. ಆದರೆ ಗಾಡಿ ಸಮತಟ್ಟಾಗಿ ನಿಂತಿರಬೇಕು, ಸುತ್ತಲಿನ ಗಾಳಿಯೂ ತಕ್ಕಮಟ್ಟಿಗೆ ತಂಪಿರಬೇಕು. ನಮ್ಮ ಬೇಸಿಗೆಯಲ್ಲಿ ಒಳಗಿನ ತಾಪ 14–15 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಹಾಲು ಒಡೆಯಿತು, ಮೊಸರು ಹುಳಿಯಾಯಿತು. ಈಗಿರುವುದು ಬ್ಯಾಟರಿಯಿಂದ ನೇರವಾಗಿ ಓಡುವ ಕಂಪ್ರೆಸರ್ ಫ್ರಿಜ್. ಬೇಸಿಗೆಯಲ್ಲಿ ದಿನಕ್ಕೆ ಮುಕ್ಕಾಲು ಯೂನಿಟ್ ಚಿಲ್ಲರೆ ತಿನ್ನುತ್ತದೆ, ಹಾಲು ನಾಲ್ಕು ದಿನ ಇರುತ್ತದೆ.

ಗ್ಯಾಸ್ ಬಿಡಲು ಪೂರ್ತಿ ಮನಸ್ಸು ಆದದ್ದು ಒಂದು ಬೆಳಗಿನ ಜಾವ. ಚಿಂಚೋಳಿ ಕಡೆ ತಗ್ಗು ದಿನ್ನೆ ರಸ್ತೆಯಲ್ಲಿ ಇಡೀ ದಿನ ಓಡಿಸಿ ಮಲಗಿದ್ದೆವು. ಮಗಳು ನೆಲದ ಹಾಸಿಗೆಯ ಮೇಲೆ ಮಲಗಿದ್ದಳು. "ಅಪ್ಪಾ, ವಾಸನಿ ಬರ್ಲಿಕತ್ತದ" ಅಂತ ಎಬ್ಬಿಸಿದಳು. ಮೇಲಿನ ಬರ್ತಿನಲ್ಲಿ ಮಲಗಿದ್ದ ನನಗೆ ಏನೂ ಗೊತ್ತಾಗಿರಲಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಕೂರುತ್ತದೆ. ಲೈಟ್ ಹಾಕದೆ, ಸ್ವಿಚ್ ಮುಟ್ಟದೆ ಬಾಗಿಲು ತೆಗೆದು ಎಲ್ಲರನ್ನೂ ಇಳಿಸಿ ಸಿಲಿಂಡರ್ ಬಂದ್ ಮಾಡಿದೆ. ಬೆಳಕಾದ ಮೇಲೆ ಸೋಪಿನ ನೀರು ಹಚ್ಚಿ ನೋಡಿದರೆ, ಕುಲುಕಾಟಕ್ಕೆ ಪೈಪಿನ ಕ್ಲಿಪ್ ಸಡಿಲ ಆಗಿತ್ತು. ಮನೆಯ ಅಡುಗೆಮನೆ ನಿಂತಲ್ಲೇ ನಿಂತಿರುತ್ತದೆ, ವ್ಯಾನ್ ದಿನಾ ಅಲುಗಾಡುತ್ತದೆ. ಅದಕ್ಕೆ ಗ್ಯಾಸ್ ಇಟ್ಟುಕೊಳ್ಳುವವರು ಪ್ರತಿ ಸಲ ಹೊರಡುವ ಮುಂಚೆ ಸೋಪಿನ ನೀರು ಹಚ್ಚಿ ನೋಡಿ, ಗಾಡಿ ಓಡುವಾಗ ಸಿಲಿಂಡರ್ ವಾಲ್ವ್ ಬಂದ್ ಇಡಿ, ಸೋರಿಕೆ ಅಲಾರಂ ಅನ್ನು ಮೇಲೆ ಅಲ್ಲ, ನೆಲದ ಹತ್ತಿರ ಹಾಕಿಸಿ. 2023ರ ಆಗಸ್ಟಿನಲ್ಲಿ ಮಧುರೈಯಲ್ಲಿ ನಿಂತಿದ್ದ ರೈಲಿನ ಬೋಗಿಯಲ್ಲಿ ಯಾತ್ರಿಕರು ಗ್ಯಾಸ್ ಇಟ್ಟು ಅಡುಗೆ ಮಾಡಲು ಹೋಗಿ ಬೆಂಕಿ ಹತ್ತಿ 9 ಜನ ಸತ್ತದ್ದು ನಿಮಗೂ ನೆನಪಿರಬಹುದು. ಆ ಸುದ್ದಿ ಆ ಬೆಳಗಿನ ಜಾವ ನನ್ನ ತಲೆಯಿಂದ ಹೋಗಲೇ ಇಲ್ಲ.

ಆದರೆ ಕರೆಂಟ್ ಅಂದರೆ ಭಯವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1500 ವ್ಯಾಟಿನ ಒಲೆ ಮನೆಯಲ್ಲಿ ಎಳೆಯುವುದು 6–7 ಆಂಪಿಯರ್. ಅದೇ ಒಲೆ 12 ವೋಲ್ಟಿನ ಬ್ಯಾಟರಿಯಿಂದ 130 ಆಂಪಿಯರ್ ಹತ್ತಿರ ಎಳೆಯುತ್ತದೆ. 24 ವೋಲ್ಟ್ ಮಾಡಿದರೆ ಅದರ ಅರ್ಧ. ನನಗೆ ಮೊದಲು ವೈರಿಂಗ್ ಮಾಡಿಕೊಟ್ಟವರು ತೆಳು ಕೇಬಲ್ ಹಾಕಿದ್ದರು. ಬ್ಯಾಟರಿ ಹತ್ತಿರ ಫ್ಯೂಸೂ ಇರಲಿಲ್ಲ. ಮೂರನೇ ದಿನ ಕುಕ್ಕರ್ ಕೂಗುವ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ನೋಡಿದರೆ ಕೇಬಲ್ ಮುಟ್ಟಲು ಆಗದಷ್ಟು ಕಾದಿತ್ತು. ಎಲ್ಲ ಬಿಚ್ಚಿಸಿ ದಪ್ಪ ತಾಮ್ರದ ಕೇಬಲ್ ಹಾಕಿಸಿದೆ. ಈ ಖರ್ಚಿನಲ್ಲಿ ಒಂದು ರೂಪಾಯಿಯೂ ಉಳಿಸಲು ಹೋಗಬೇಡಿ.

ಬಿಸಿಲು ಜಾಸ್ತಿ ಇದ್ದರೆ ಸೋಲಾರ್ ಜಾಸ್ತಿ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ನೂರಕ್ಕೆ 0.4ರಷ್ಟು ಇಳಿಯುತ್ತದೆ. ನಮ್ಮ ಮಧ್ಯಾಹ್ನಕ್ಕೆ ಪ್ಯಾನೆಲ್ 65 ಡಿಗ್ರಿ ಕಾದರೆ ಆರನೇ ಒಂದು ಭಾಗ ಅಲ್ಲೇ ಹೋಯಿತು. ಆದರೂ ದಿನಕ್ಕೆ ಎರಡೂವರೆಯಿಂದ 3 ಯೂನಿಟ್ ಸಿಗುತ್ತದೆ. ನಮ್ಮ ಅಡುಗೆಗೆ ಒಂದೂವರೆ, ಫ್ರಿಜ್, ಫ್ಯಾನ್, ಲೈಟ್ ಸೇರಿ ಒಂದು. ಸರಿಹೋಗುತ್ತದೆ. ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಮಾತ್ರ ಒಂದು ಯೂನಿಟ್ಟೂ ಬರದ ದಿನ ಇದೆ. ಆಗ ಗಾಡಿ ಓಡಿಸಬೇಕು. ಎಂಜಿನ್ ಕಡೆಯಿಂದ ಚಾರ್ಜ್ ಆಗುವ ಹಾಗೆ ಮಾಡಿಸಿದ್ದೇನೆ, ಕಲಬುರಗಿಯಿಂದ ಬೀದರ್ ಮುಟ್ಟುವ ಹೊತ್ತಿಗೆ ಒಂದು ಯೂನಿಟ್ ತುಂಬುತ್ತದೆ. ಇಲ್ಲಾಂದರೆ ಯಾರದಾದರೂ ಮನೆಯ 16 ಆಂಪಿಯರ್ ಸಾಕೆಟ್ ಕೇಳಿ ಹಾಕಿಕೊಳ್ಳಬೇಕು, ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಅದೂ ಕಷ್ಟ.

ಏಸಿ ಬೇಕು ಅನ್ನುವವರಿಗೆ ಒಂದು ಮಾತು. ಅದು ಹೇಗೂ ಕರೆಂಟಿನದ್ದೇ. ರಾತ್ರಿ ಆರು ಗಂಟೆ ಓಡಿಸಿದರೆ ನನ್ನ ಬ್ಯಾಟರಿ ಖಾಲಿ, ಬೆಳಿಗ್ಗೆ ಚಹಾಕ್ಕೂ ಉಳಿಯಲ್ಲ. ಬೇಸಿಗೆಯಲ್ಲಿ ಏಸಿಯನ್ನೂ ಅಡುಗೆಯನ್ನೂ ಒಂದೇ ಬ್ಯಾಟರಿಯಿಂದ ನಡೆಸುತ್ತೇನೆ ಅಂದರೆ ದುಪ್ಪಟ್ಟು ಬ್ಯಾಟರಿ ಹಾಕಿಸಿ.

ಸ್ನಾನದ ನೀರಿಗೆ ಏಪ್ರಿಲ್‌ನಲ್ಲಿ ಏನೂ ಬೇಡ, ಮೇಲಿನ ಟ್ಯಾಂಕಿನ ನೀರೇ ಸುಡುತ್ತಿರುತ್ತದೆ. ಚಳಿಗಾಲದಲ್ಲಿ 20 ಲೀಟರ್ ಕಾಯಿಸಲು ಅರ್ಧ ಯೂನಿಟ್ ಸಾಕು. ಗ್ಯಾಸ್ ಗೀಸರ್ ಮಾತ್ರ ವ್ಯಾನಿನೊಳಗೆ ಬೇಡವೇ ಬೇಡ. ಇಕ್ಕಟ್ಟಿನ ಜಾಗದಲ್ಲಿ ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡಿಕೊಂಡರೆ ವಾಸನೆಯೂ ಬರಲ್ಲ, ಗೊತ್ತಾಗುವ ಮೊದಲೇ ಪ್ರಾಣ ಹೋಗುತ್ತದೆ.

ಇನ್ನು ರೊಟ್ಟಿ. ಅದಕ್ಕೆ ಅವ್ವನೇ ದಾರಿ ಹುಡುಕಿದಳು. ನಾಲ್ಕೈದು ದಿನದ ಪ್ರಯಾಣಕ್ಕೆ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಕಟ್ಟಿಕೊಂಡು ಬರುತ್ತಾಳೆ. ತಿಂಗಳಾದರೂ ಅದು ಕೆಡಲ್ಲ. ಅದಕ್ಕಿಂತ ಜಾಸ್ತಿ ದಿನ ಇದ್ದರೆ ಬಿಸಿ ರೊಟ್ಟಿ ಬೇಕೇ ಬೇಕು, ಅದಕ್ಕೆ 5 ಕಿಲೋದ ಸಿಲಿಂಡರನ್ನು ಮತ್ತೆ ತಂದೆ. ಆದರೆ ಒಳಗೆ ಅಲ್ಲ. ಹಿಂದಿನ ಬಾಗಿಲ ಪಕ್ಕ, ಒಳಗಿನ ಕಡೆ ಪೂರಾ ಮುಚ್ಚಿದ, ತಳಕ್ಕೆ ತೂತು ಇರುವ, ಹೊರಗಿನಿಂದ ಮಾತ್ರ ತೆರೆಯುವ ಪೆಟ್ಟಿಗೆಯಲ್ಲಿ ಇರುತ್ತದೆ. ಒಂದೇ ಬರ್ನರಿನ ಒಲೆ ಇಳಿಸಿ, ಮರದ ನೆರಳಿಗೆ ಇಟ್ಟು, ಗಾಳಿಗೆ ತಗಡು ಅಡ್ಡ ಹಿಡಿದು ಅವ್ವ ಬಡಿಯುತ್ತಾಳೆ. ಒಂದು ಸಿಲಿಂಡರ್ ಈಗ ಐದಾರು ತಿಂಗಳು ಬರುತ್ತಿದೆ. ಗಾಡಿಯಲ್ಲಿ ಇಂಥ ಬದಲಾವಣೆ ಮಾಡಿಸುವವರು ಮೊದಲೇ ಆರ್‌ಟಿಓ ಕಚೇರಿಯಲ್ಲಿ ಕೇಳಿ ಒಪ್ಪಿಗೆ ಪಡೆಯಿರಿ, ಆಮೇಲೆ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ನಿಮ್ಮ ಮನೆಯಲ್ಲಿ ದಿನಾ ಅನ್ನ, ಉಪ್ಪಿಟ್ಟು, ಬೇಳೆ ಅಷ್ಟೇ ಆದರೆ ಪೂರ್ತಿ ಕರೆಂಟ್ ಮಾಡಿಸಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಫ್ರಿಜ್, ಫ್ಯಾನಿಗೆ ಮಾತ್ರ ಸಣ್ಣ ಬ್ಯಾಟರಿ ಹಾಕಿಸಿ, ಗ್ಯಾಸ್ ಅಡುಗೆಯನ್ನು ಹೊರಗೆ ಮಾಡಿ. ಗ್ಯಾಸ್ ಒಲೆಯನ್ನು ಒಳಗೇ ಕೂರಿಸುವುದೊಂದು ಬೇಡ, ಅದೂ ನಮ್ಮ ಬಿಸಿಲಿನಲ್ಲಿ.

ಹೋದ ಎಳ್ಳ ಅಮಾವಾಸ್ಯೆಗೆ ವ್ಯಾನನ್ನು ಆಳಂದ ಕಡೆಯ ಹೊಲಕ್ಕೇ ತಗೊಂಡು ಹೋಗಿದ್ದೆವು. ಚರಗ, ಅಂದರೆ ಹೊಲಕ್ಕೆ ನೈವೇದ್ಯ, ಚೆಲ್ಲಿ ಬರುವಷ್ಟರಲ್ಲಿ ಮಗಳು ಕಾಳು, ತರಕಾರಿ ಕೂಡಿಸಿ ಮಾಡಿದ ಭಜ್ಜಿ ಪಲ್ಯವನ್ನು ಇಂಡಕ್ಷನ್ ಮೇಲೆ ಬಿಸಿ ಮಾಡಿಟ್ಟಿದ್ದಳು. ಅವ್ವ ಬೇವಿನ ಮರದ ಕೆಳಗೆ ಸಜ್ಜೆ ರೊಟ್ಟಿಗೆ ಹಂಚು ಕಾಯಿಸುತ್ತಿದ್ದಳು. "ಈಗ ಉಬ್ಬಿತು ನೋಡು ತಮ್ಮಾ" ಅಂದಳು.