ಎಲೆಕ್ಟ್ರಾನಿಕ್ ತಂಬೂರಿಯೊಂದಿಗೆ ಆರು ವರ್ಷ: ಮಂದ್ರ ಷಡ್ಜದ ತುಯ್ತ

ಬೆಳಗಿನ ಸಾಧಕಕ್ಕೆಂದು ಈ ಎಲೆಕ್ಟ್ರಾನಿಕ್ ತಂಬೂರಿಯನ್ನು ಮನೆಗೆ ತಂದು ಆರು ವರ್ಷಗಳಾದವು. ಅದರಲ್ಲಿ ಏನೇನು ಸೌಲಭ್ಯಗಳಿವೆ ಎಂಬುದನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುವುದರಿಂದ ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ಬರೆಯಲು ಕುಳಿತದ್ದು, ಮೊದಲ ನಾಲ್ಕು ವರ್ಷ ನನ್ನ ನೆಮ್ಮದಿ ಕೆಡಿಸಿದ ಒಂದು ತುಯ್ತದ ಬಗ್ಗೆ.

ನನ್ನದು ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ನನ್ನ ಷಡ್ಜ. ಪಂಚಮವೂ ಎರಡು ಸಾರಣೆಗಳೂ (ನಡುವಿನ ಷಡ್ಜದ ತಂತಿಗಳು) ಮೀಟಿದ ಮೇಲೆ ನಾಲ್ಕನೆಯದಾಗಿ ಬರುವ ಮಂದ್ರ ಷಡ್ಜವು, ಅಂದರೆ ಕೆಳಸ್ಥಾಯಿಯ 'ಸ', ನೆಲೆಯಾಗಿ ನಿಲ್ಲಬೇಕು. ಇದರಲ್ಲಿ ಅದರ ಸದ್ದು ಸೆಕೆಂಡಿಗೆ ಎರಡು ಸಲದಂತೆ ಏರಿ ಇಳಿಯುತ್ತಿತ್ತು. ನನ್ನ ದನಿಯೇ ನಡುಗುತ್ತಿದೆಯೇನೋ, ಉಸಿರು ಸಾಲುತ್ತಿಲ್ಲವೇನೋ ಎಂಬ ಅನುಮಾನದಿಂದ ಕೆಲವು ತಿಂಗಳು ಹಾಡುವುದನ್ನು ಬಿಟ್ಟು ದೀರ್ಘ ಉಸಿರಿನ ಅಭ್ಯಾಸವನ್ನೇ ಮಾಡಿದೆ. ಮಾರಿದವರು ಒಮ್ಮೆ ಪೆಟ್ಟಿಗೆಯನ್ನು, ಇನ್ನೊಮ್ಮೆ ಅಡಾಪ್ಟರನ್ನು ಬದಲಾಯಿಸಿಕೊಟ್ಟರೂ ತುಯ್ತ ತುಸು ತಗ್ಗಿತೇ ಹೊರತು ಹೋಗಲಿಲ್ಲ. "ನಿಮ್ಮ ಕಿವಿ ತುಂಬಾ ಸೂಕ್ಷ್ಮ" ಎಂದು ಅವರು ಹೇಳಿದ್ದು ಹೊಗಳಿಕೆಯಲ್ಲವೆಂಬುದು ನನಗೂ ತಿಳಿಯಿತು.

ಒಂದು ಮುಂಜಾನೆ ಸಾಧಕದ ನಡುವೆ ಕರೆಂಟು ಹೋಯಿತು. ತಂಬೂರಿಯನ್ನು ಸೆಲ್ಲಿನ ಮೇಲೆ ನಡೆಸಿದಾಗ ಮಂದ್ರ ಷಡ್ಜ ಕದಲದೆ ನಿಂತಿತು. ಹೊರಗೆ ತಂತಿಯ ಮೇಲೆ ಕುಳಿತು ಸಿಳ್ಳೆ ಹಾಕುತ್ತಿದ್ದ ಮಡಿವಾಳ ಹಕ್ಕಿಯ ಪ್ರತಿ ತಿರುವೂ ಅಂದು ಬಿಡಿಬಿಡಿಯಾಗಿ ಕೇಳಿಸಿತು. ಕರೆಂಟು ಮರಳಿದ ಮೇಲೆ ಸೆಲ್ಲಿನಲ್ಲಿಯೇ ಮುಂದುವರಿಸಿದರೂ ತುಯ್ತ ಸಣ್ಣಗೆ ಹಿಂದಿರುಗಿತು. ಅಡುಗೆಮನೆಯ ಫ್ರಿಜ್ಜು ತಾನಾಗಿ ನಿಂತಾಗ ಅದೂ ನಿಂತಿತು.

ಲೆಕ್ಕ ಹಾಕಿದರೆ ವಿಷಯ ಸರಳ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಅದರಿಂದ ಹುಟ್ಟುವ ಗುಂಯ್ ಸದ್ದು ಇಮ್ಮಡಿಯಾಗಿ 100 ಹರ್ಟ್ಸ್‌ನಲ್ಲಿ ಕೇಳುತ್ತದೆ. ಐದು ಮನೆಯ ಮಂದ್ರ ಷಡ್ಜ 98 ಹರ್ಟ್ಸ್. ಹತ್ತಿರದ ಎರಡು ನಾದಗಳು ಕೂಡಿದಾಗ ಅವುಗಳ ಅಂತರದಷ್ಟು ಸಲ ಸದ್ದು ತುಯ್ಯುತ್ತದೆ. ಇವೆರಡರ ಅಂತರವೇ ಸೆಕೆಂಡಿಗೆ ಎರಡರಂತೆ ನನ್ನನ್ನು ಕಾಡಿದ್ದು, ಅಡಾಪ್ಟರಿನ ಮೂಲಕ ಸ್ಪೀಕರಿಗೂ ಫ್ರಿಜ್ಜಿನ ಮೂಲಕ ಗೋಡೆಗೂ ಬಂದು. ನಾಲ್ಕು ವರ್ಷ ತಂಬೂರಿಯನ್ನೊಂದನ್ನೇ ಬೈದದ್ದಕ್ಕೆ ನಾಚಿಕೆಯಾಯಿತಾದರೂ, ಅಡಾಪ್ಟರನ್ನು ಇಷ್ಟು ಅಗ್ಗವಾಗಿ ಮಾಡಿದವರನ್ನು ನಾನಿನ್ನೂ ಪೂರ್ತಿ ಕ್ಷಮಿಸಿಲ್ಲ.

ಅಂದಿನಿಂದ ಮಂದ್ರ ಷಡ್ಜ ಆ ಗುಂಯ್ ಸದ್ದಿನ ಹತ್ತಿರಕ್ಕೆ ಬರುವಂತೆ ಶ್ರುತಿಯ ಸಣ್ಣ ತಿರುಗಣೆಯನ್ನು ಅರ್ಧ ಮನೆಯ ಮೂರನೇ ಒಂದು ಪಾಲಿನಷ್ಟು ಮೇಲಕ್ಕೆ ಸರಿಸಿ, ಆ ಜಾಗಕ್ಕೆ ಉಗುರುಬಣ್ಣದ ಚುಕ್ಕೆಯಿಟ್ಟಿದ್ದೇನೆ. ಬೆಳಿಗ್ಗೆ ಮುಖ ತೊಳೆದು ಬಿಸಿನೀರು ಕುಡಿದು, ಕಿಟಕಿ ತೆರೆದು, ಚುಕ್ಕೆಗೆ ಚುಕ್ಕೆ ಕೂಡಿಸಿ, ಫ್ರಿಜ್ಜು ಗುನುಗಲು ಶುರುಮಾಡುವವರೆಗೆ ಕಾಯುತ್ತೇನೆ. ಈಗ ಅದು ನನ್ನ ಷಡ್ಜಕ್ಕೆ ಒತ್ತಾಸೆ. ವಿದ್ಯುತ್ತಿನ ಆವರ್ತ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗುತ್ತಿರುವುದರಿಂದ ಐದಾರು ಸೆಕೆಂಡಿಗೊಮ್ಮೆ ನಾದ ನಿಧಾನವಾಗಿ ಹಿಗ್ಗಿ ಕುಗ್ಗುವುದುಂಟು. ಅದು ನನಗೆ ಹಿತವಾಗಿಯೇ ಕೇಳುತ್ತದೆ.

ಅಟ್ಟದ ಮೇಲಿರುವ ಮರದ ತಂಬೂರಿಯ ನಾದವನ್ನು ಇದು ಕೊಡುವುದಿಲ್ಲ, ಕೊಡುವುದೆಂದು ನಾನು ನಂಬಿಯೂ ಇರಲಿಲ್ಲ. ಆದರೆ ಮಳೆಗಾಲದಲ್ಲಿ ದಿನವೂ ತಂತಿ ಬಿಗಿಯುವ ಬಿರಡೆ ತಿರುಗಿಸಿ, ತಂತಿಗಳನ್ನು ಹೊತ್ತ ಕುದುರೆಯ ಮೇಲಿನ ನೂಲನ್ನು ಸರಿಸುತ್ತ ಕೂರುವಷ್ಟು ಪುರುಸೊತ್ತು ಕೆಲಸಕ್ಕೆ ಹೊರಡುವವರಿಗೆ ಇರುವುದಿಲ್ಲ.

ಶೀತವಾದಾಗ ಗಂಟಲನ್ನು ದಣಿಸದಿರಲು ನಾಲ್ಕೂವರೆ ಮನೆಗೆ ಇಳಿಯುತ್ತೇನೆ. ಅಲ್ಲಿ ಮಂದ್ರ ಷಡ್ಜಕ್ಕೂ ಗುಂಯ್ ಸದ್ದಿಗೂ ಅಂತರ ಹೆಚ್ಚಾಗಿ, ತುಯ್ತದ ಬದಲು ಒರಟು ಕಿರಿಕಿರಿ ಕೇಳುವುದರಿಂದ ಆ ದಿನಗಳಿಗೆಂದೇ ಹೊಸ ಸೆಲ್ಲುಗಳನ್ನು ತೆಗೆದಿಟ್ಟಿರುತ್ತೇನೆ. ಕೊಳ್ಳುವವರು ಅಂಗಡಿಯ ಗದ್ದಲದಲ್ಲಿ ಕೇಳಿ ಒಪ್ಪದೆ, ತಮ್ಮ ಶ್ರುತಿಯಲ್ಲಿ ತಮ್ಮ ಮನೆಯಲ್ಲಿಯೇ ಒಂದು ಬೆಳಿಗ್ಗೆ ಹಾಡಿ ನೋಡಲಿ. ಸೆಲ್ಲಿನ ಗೂಡಿನ ಮುಚ್ಚಳವನ್ನು ಹಗುರವಾಗಿ ತೆಗೆಯಲಿ. ನನ್ನದು ಎರಡನೇ ವರ್ಷದಲ್ಲೇ ಮುರಿದು, ಈಗ ರಬ್ಬರ್ ಬ್ಯಾಂಡಿನ ಆಸರೆಯಲ್ಲಿ ನಿಂತಿದೆ.