ಮೆರಿಟ್ ಸ್ಕಾಲರ್‌ಶಿಪ್ ನಂಬಿ ಸಿಇಟಿ ಸೀಟು ಬಿಟ್ಟವರ ಲೆಕ್ಕ

ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ತೊಗರಿಗೆ ಸವಾಲಿನಲ್ಲಿ ಎಷ್ಟೇ ದರ ಕೂಗಿದರೂ ಹಮಾಲಿ, ತೂಕದ ಕೂಲಿ, ಚೀಲದ ಖರ್ಚು ಎಲ್ಲವನ್ನೂ ಕಳೆದ ಮೇಲೆ ಪಟ್ಟಿಯ ಕೊನೆಯ ಸಾಲಿನಲ್ಲಿ ಉಳಿಯುವ ಮೊತ್ತವೇ ರೈತನದು ಎಂಬುದು ನನಗೆ ಬೇರೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಆದರೂ 2024ರಲ್ಲಿ ಮಗಳ ಎಂಜಿನಿಯರಿಂಗ್ ಪ್ರವೇಶದ ಹೊತ್ತಿನಲ್ಲಿ ನಾನು ಕೂಗಿದ ದರವನ್ನೇ ನಂಬಿ, ಪಟ್ಟಿಯ ಕೊನೆಯ ಸಾಲನ್ನು ನೋಡದೆ ಸಹಿ ಹಾಕಿದೆ. ಈ ವರ್ಷ ಪಿಯುಸಿ ಮುಗಿಸಿದ ಮಕ್ಕಳಿರುವ ನಮ್ಮ ಭಾಗದ ತಂದೆತಾಯಿಗಳು ಅದೇ ತಪ್ಪು ಮಾಡಬಾರದೆಂದು, ಹೇಳಿಕೊಳ್ಳಲು ನಾಚಿಕೆಯಾದರೂ, ಎಲ್ಲವನ್ನೂ ಬರೆಯುತ್ತಿದ್ದೇನೆ.

ಮಗಳು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಶೇಕಡಾ 94 ಅಂಕ ಪಡೆದಿದ್ದಳು. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ನಗರದ ಕಲ್ಯಾಣ ಮಂಟಪವೊಂದರಲ್ಲಿ ಶಿಕ್ಷಣ ಮೇಳ ನಡೆಯಿತು. ಬೆಂಗಳೂರಿನ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯದವರು ಅಲ್ಲಿಯೇ ಮಗಳಿಂದ ಅರ್ಧ ಗಂಟೆಯ ಪರೀಕ್ಷೆ ಬರೆಸಿ, ಅರ್ಧ ಗಂಟೆಯಲ್ಲೇ ಫಲಿತಾಂಶವನ್ನೂ ಕೊಟ್ಟು, ದಪ್ಪ ಕಾಗದದ ಮೇಲೆ ಬಂಗಾರದ ಬಣ್ಣದ ಅಂಚಿದ್ದ ಪತ್ರವೊಂದನ್ನು ಅವಳ ಕೈಗಿತ್ತರು. ಕಂಪ್ಯೂಟರ್ ಸೈನ್ಸ್ ಸೀಟು ಖಚಿತವೆಂದೂ, ಪ್ರತಿಭೆಯನ್ನು ಗುರುತಿಸಿ ಶೇಕಡಾ 50 ಮೆರಿಟ್ ಸ್ಕಾಲರ್‌ಶಿಪ್ ನೀಡಲಾಗಿದೆಯೆಂದೂ ಅದರಲ್ಲಿತ್ತು. ಪತ್ರ ಕೊಟ್ಟ ಹುಡುಗ ಬಹಳ ವಿನಯವಂತ. "ಸರ್, ಈ ಆಫರ್ ಇವತ್ತು ಸಂಜಿ ತನಕ ಅಷ್ಟೇ ರೀ, ನಾಳೆ ಈ ಸೀಟು ರಾಯಚೂರಿನವರಿಗೆ ಹೋಗ್ತದ" ಎಂದ. ಮನೆಯವಳು ಪಕ್ಕದಲ್ಲೇ ನಿಂತು, "ಒಮ್ಮಿ ಯಾರನ್ನಾದ್ರೂ ಕೇಳ್ರಿ, ಮನೀಗಿ ಹೋಗಿ ವಿಚಾರ ಮಾಡೋಣು" ಎಂದು ಎರಡು ಸಲ ಹೇಳಿದಳು. ಮಗಳ ಮುಖದಲ್ಲಿದ್ದ ಸಂತೋಷ ನೋಡಿ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ 25,000 ರೂಪಾಯಿ ಸೀಟು ಕಾಯ್ದಿರಿಸುವ ಹಣವನ್ನು ಫೋನಿನಿಂದಲೇ ಕಳುಹಿಸಿದೆ.

ಮಗಳ ತರಗತಿಯ ಇನ್ನೂ ಮೂವರಿಗೆ ಅಂಥದೇ ಪತ್ರ ಬಂದಿದೆ ಎಂಬುದು ವಾರದ ನಂತರ ತಿಳಿಯಿತು. ಅವರಲ್ಲಿ ಶೇಕಡಾ 62 ಅಂಕ ಪಡೆದ ಹುಡುಗನೊಬ್ಬನಿಗೆ ಶೇಕಡಾ 40 ಸ್ಕಾಲರ್‌ಶಿಪ್ ಸಿಕ್ಕಿತ್ತು. ಅವನು ಮೇಳಕ್ಕೆ ಹೋಗಿಯೇ ಇರಲಿಲ್ಲ, ಫೋನಿನಲ್ಲಿ ಹೆಸರು ಕೊಟ್ಟಿದ್ದನಷ್ಟೆ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಎಲ್ಲರಿಗೂ ಸಿಗುವುದು ಪ್ರತಿಭೆಯ ಪುರಸ್ಕಾರವಲ್ಲ, ಬೆಲೆ ಏರಿಸಿ ಬರೆದು ಆಮೇಲೆ ಇಳಿಸಿ ತೋರಿಸುವ ರಿಯಾಯಿತಿ. ಸೂಪರ್ ಮಾರ್ಕೆಟಿನ ಬಟ್ಟೆ ಅಂಗಡಿಯಲ್ಲಿ ಇದನ್ನು ಕಂಡರೆ ನಕ್ಕು ಮುಂದೆ ಹೋಗುವ ನಾವು ವಿಶ್ವವಿದ್ಯಾಲಯದ ಮುದ್ರೆ ಬಿದ್ದ ಕೂಡಲೇ ಕೈಮುಗಿಯುತ್ತೇವೆ.

ಈಗ ಆ ಶೇಕಡಾ 50ರ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಅವರ ಶುಲ್ಕದ ಪಟ್ಟಿಯಲ್ಲಿ ಬೋಧನಾ ಶುಲ್ಕ 1,80,000, ಅಭಿವೃದ್ಧಿ ಶುಲ್ಕ 60,000, ಕೌಶಲ ತರಬೇತಿ 45,000, ಪ್ರಯೋಗಾಲಯ ಮತ್ತು ಪರೀಕ್ಷೆಗೆಂದು 25,000, ಹೀಗೆ ವರ್ಷಕ್ಕೆ 3,10,000 ರೂಪಾಯಿ ಇತ್ತು; ಹಾಸ್ಟೆಲ್ ಮತ್ತು ಊಟಕ್ಕೆ ಬೇರೆ 1,40,000. ಸ್ಕಾಲರ್‌ಶಿಪ್ ಅನ್ವಯಿಸುತ್ತಿದ್ದುದು ಬೋಧನಾ ಶುಲ್ಕಕ್ಕೆ ಮಾತ್ರ. ಅಂದರೆ 4,50,000 ರೂಪಾಯಿಯ ಒಟ್ಟು ಖರ್ಚಿನಲ್ಲಿ ಕಡಿತವಾಗುತ್ತಿದ್ದುದು 90,000. ಶೇಕಡಾ 50 ಎಂದು ಕೂಗಿದ್ದು ಪಟ್ಟಿಯ ಕೊನೆಯ ಸಾಲಿಗೆ ಬಂದಾಗ ಶೇಕಡಾ 20 ಆಗಿತ್ತು. ನಾವು ಕೊಡಬೇಕಾದದ್ದು ವರ್ಷಕ್ಕೆ 3,60,000. ಜೂನ್ ತಿಂಗಳಲ್ಲಿ ಮನೆಯವಳ ಬಂಗಾರವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಮೊದಲ ಸೆಮಿಸ್ಟರಿನ ಉಳಿದ ಕಂತು 85,000 ಮತ್ತು ಹಾಸ್ಟೆಲಿನ ಅರ್ಧ 70,000 ಕಟ್ಟಿದೆ. ಅದೇ ದಿನ ಪರಿಶೀಲನೆಗೆಂದು ಅವರು ಮಗಳ ಹತ್ತನೇ ತರಗತಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿಗಳನ್ನೂ ವರ್ಗಾವಣೆ ಪತ್ರವನ್ನೂ ತೆಗೆದುಕೊಂಡರು, ಮರಳಿ ಕೊಡಲಿಲ್ಲ. ಹನ್ನೊಂದು ಪುಟಗಳ ಒಪ್ಪಿಗೆ ಪತ್ರವೊಂದಕ್ಕೆ ನಾನೂ ಮಗಳೂ ಪುಟಪುಟಕ್ಕೂ ಸಹಿ ಹಾಕಿದೆವು. ಹಿಂದೆ ಸಾಲು ನಿಂತಿತ್ತು, ಯಾರೂ ಓದುತ್ತಿರಲಿಲ್ಲ.

ಹಣಕ್ಕಿಂತ ದೊಡ್ಡ ನಷ್ಟವಾದದ್ದು ಸಿಇಟಿ ಸೀಟಿನ ವಿಷಯದಲ್ಲಿ. ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70ರಷ್ಟು, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇಕಡಾ 8ರಷ್ಟು ಸೀಟುಗಳು ಮೀಸಲಾಗಿವೆ. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯುವ ಅರ್ಹತಾ ಪ್ರಮಾಣಪತ್ರಕ್ಕಾಗಿ ನಾನು ಮಿನಿ ವಿಧಾನಸೌಧಕ್ಕೆ ನಾಲ್ಕು ಸಲ ಅಲೆದಿದ್ದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನೂ ಸಿಇಟಿ ಅಂಕಗಳನ್ನೂ ಅರ್ಧರ್ಧ ಹಿಡಿಯುವುದರಿಂದ ಮಗಳ ರ‍್ಯಾಂಕು ಚೆನ್ನಾಗಿಯೇ ಇತ್ತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೊದಲ ಸುತ್ತಿನ ಹಂಚಿಕೆಯಲ್ಲಿ ಕಲಬುರಗಿಯಲ್ಲೇ, ಮನೆಯಿಂದ ಹೋಗಿಬರುವಷ್ಟು ಹತ್ತಿರದಲ್ಲೇ, ಇನ್ಫರ್ಮೇಷನ್ ಸೈನ್ಸ್ ಸೀಟು ಬಂತು. ವರ್ಷದ ಶುಲ್ಕ ಒಂದು ಲಕ್ಷದ ಆಸುಪಾಸು, ಹಾಸ್ಟೆಲ್ ಬೇಕಿಲ್ಲ. ಆದರೆ ಅಷ್ಟು ಹೊತ್ತಿಗೆ ಆ ವಿಶ್ವವಿದ್ಯಾಲಯ ತರಗತಿಗಳನ್ನು ಆರಂಭಿಸಿಬಿಟ್ಟಿತ್ತು, ಮಗಳು ಹಾಸ್ಟೆಲ್ ಸೇರಿ ಒಂದು ವಾರ ಕಳೆದಿತ್ತು, ಕಟ್ಟಿದ ಹಣ ವ್ಯರ್ಥವಾದೀತೆಂಬ ಭಯ ನನಗಿತ್ತು. ಸೀಟನ್ನು ಒಪ್ಪಿಕೊಳ್ಳದೆ ಪ್ರಕ್ರಿಯೆಯಿಂದಲೇ ಹೊರಬಂದೆವು. ಸರ್ಕಾರಿ ಹಂಚಿಕೆಗೆ ಮೊದಲೇ ಹಣ, ಮೂಲ ದಾಖಲೆ ಮತ್ತು ವಿದ್ಯಾರ್ಥಿ ಮೂರನ್ನೂ ತಮ್ಮ ಆವರಣದೊಳಗೆ ಸೇರಿಸಿಕೊಳ್ಳುವುದು ಕಾಕತಾಳೀಯವೆಂದು ನಾನು ಈಗ ನಂಬುವುದಿಲ್ಲ. ಇನ್ನೊಂದು ಸಂಗತಿಯನ್ನು ತಡವಾಗಿ ಕಂಡುಕೊಂಡೆ: ಅದೇ ವಿಶ್ವವಿದ್ಯಾಲಯದ ಒಂದಷ್ಟು ಸೀಟುಗಳು ಪ್ರಾಧಿಕಾರದ ಸೀಟು ಪಟ್ಟಿಯಲ್ಲಿಯೂ ಇದ್ದವು, ನಾನು ಸ್ಕಾಲರ್‌ಶಿಪ್ ಕಳೆದು ಕೊಡುತ್ತಿದ್ದುದಕ್ಕಿಂತ ಕಡಿಮೆ ಶುಲ್ಕಕ್ಕೆ.

ಸೆಪ್ಟೆಂಬರ್ ಮೂರನೆಯ ವಾರದಲ್ಲಿ ಮಗಳು ಫೋನು ಮಾಡಿ, "ಅಪ್ಪಾ, ನಮ್ಮ ಮಹಡಿಯಾಗ ಎರಡನೇ ವರ್ಷದ ಅಕ್ಕಂದಿರು ಹದಿನಾಲ್ಕು ಮಂದಿ ಅದಾರ, ಅವರಾಗ ಸ್ಕಾಲರ್‌ಶಿಪ್ ಉಳದಿದ್ದು ಇಬ್ಬರಿಗಷ್ಟೇ" ಎಂದಳು. ಅಂದು ರಾತ್ರಿ ಅಂಗಡಿಯ ಪುಸ್ತಕಗಳನ್ನು ಬದಿಗಿಟ್ಟು ಆ ಹನ್ನೊಂದು ಪುಟಗಳನ್ನು ಮೊದಲ ಸಲ ಪೂರ್ತಿ ಓದಿದೆ. ಪ್ರತಿ ಸೆಮಿಸ್ಟರಿನಲ್ಲಿಯೂ ಹತ್ತಕ್ಕೆ 8.5 ಗ್ರೇಡ್ ಸರಾಸರಿ ಇರಬೇಕು, ಯಾವ ವಿಷಯದಲ್ಲಿಯೂ ಒಮ್ಮೆಯೂ ಅನುತ್ತೀರ್ಣರಾಗಬಾರದು, ಹಾಜರಾತಿ ಶೇಕಡಾ 85 ಇರಬೇಕು, ಒಂದು ಸೆಮಿಸ್ಟರಿನಲ್ಲಿ ತಪ್ಪಿದರೂ ಉಳಿದ ಎಲ್ಲ ವರ್ಷಗಳಿಗೂ ಸ್ಕಾಲರ್‌ಶಿಪ್ ರದ್ದಾಗುತ್ತದೆ, ಬೋಧನಾ ಶುಲ್ಕವನ್ನು ಪ್ರತಿ ವರ್ಷ ಪರಿಷ್ಕರಿಸುವ ಅಧಿಕಾರ ಆಡಳಿತ ಮಂಡಳಿಗೆ ಇರುತ್ತದೆ ಎಂದು ಎಂಟನೆಯ ಪುಟದಲ್ಲಿತ್ತು. ಹೋಲಿಸಿ ನೋಡಿ: ಕೇಂದ್ರ ಸರ್ಕಾರ ಪಿಯುಸಿ ಅಂಕಗಳ ಆಧಾರದ ಮೇಲೆ ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ ಸ್ಕಾಲರ್‌ಶಿಪ್ ಪದವಿಯ ಮೊದಲ ಮೂರು ವರ್ಷಗಳಲ್ಲಿ ವರ್ಷಕ್ಕೆ 12,000 ರೂಪಾಯಿ ಮಾತ್ರ, ಕುಟುಂಬದ ಆದಾಯದ ಮಿತಿ 4.5 ಲಕ್ಷ, ಆದರೆ ಅದರ ನವೀಕರಣಕ್ಕೆ ಶೇಕಡಾ 50 ಅಂಕ ಮತ್ತು ಶೇಕಡಾ 75 ಹಾಜರಾತಿ ಸಾಕು, ಆ ನಿಯಮ ಅರ್ಜಿ ಹಾಕುವ ಮೊದಲೇ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತಿರುತ್ತದೆ. ನನ್ನ ಮಗಳು ಓದುವ ಹುಡುಗಿಯೇ. ಆದರೂ ಕನ್ನಡ ಮಾಧ್ಯಮದಿಂದ ಬಂದವಳಿಗೆ ಮೊದಲ ಸೆಮಿಸ್ಟರಿನಲ್ಲೇ 8.5 ಬರುತ್ತದೆಂದು ನಾಲ್ಕು ವರ್ಷದ ಸಾಲವನ್ನು ಪಣಕ್ಕಿಡುವ ಧೈರ್ಯ ನನಗಾಗಲಿಲ್ಲ.

ಪ್ರವೇಶ ರದ್ದುಪಡಿಸುವಂತೆ ಕೋರಿ ಸೆಪ್ಟೆಂಬರ್ 27ರಂದು ಇಮೇಲ್ ಕಳುಹಿಸಿ, ಅದೇ ರಾತ್ರಿ ಬಸವ ಎಕ್ಸ್‌ಪ್ರೆಸ್ ಹಿಡಿದು ಹೋದೆ. ಸ್ವಾಗತ ಕಕ್ಷೆಯಲ್ಲಿ ಪ್ರವೇಶದ ಹೊತ್ತಿನಲ್ಲಿದ್ದ ವಿನಯ ಇರಲಿಲ್ಲ. ಕಟ್ಟಿದ ಶುಲ್ಕ ಮರಳಿ ಬರುವುದಿಲ್ಲ ಎಂದು ಹತ್ತನೆಯ ಪುಟ ತೋರಿಸಿದರು. ಅಂಕಪಟ್ಟಿ ಬೇಕಾದರೆ ನಾಲ್ಕೂ ವರ್ಷಗಳ ಬೋಧನಾ ಶುಲ್ಕ ಕಟ್ಟಬೇಕೆಂದರು. ನಾನು ಸುಮ್ಮನೆ ಮರಳಿ ಬರುವವನಿದ್ದೆ. ನಮ್ಮ ಓಣಿಯಲ್ಲಿರುವ ನಿವೃತ್ತ ಪ್ರಾಂಶುಪಾಲರೊಬ್ಬರು ಫೋನಿನಲ್ಲಿ ನಿಯಮಗಳನ್ನು ತಿಳಿಸಿದ್ದರಿಂದ ನಿಂತೆ, ಮತ್ತು ಎಲ್ಲರಿಗೂ ಗೊತ್ತಿರಬೇಕಾದ ಭಾಗ ಇದೇ.

ಉನ್ನತ ಶಿಕ್ಷಣ ಸಂಸ್ಥೆಗಳು ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ತಮ್ಮ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದೇ ಅಧಿಸೂಚನೆಯಲ್ಲಿ ಶುಲ್ಕ ಮರುಪಾವತಿಯ ಮೆಟ್ಟಿಲುಗಳೂ ಇವೆ: ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಬಿಟ್ಟರೆ ಪೂರ್ತಿ ಹಣ, ಅದರಲ್ಲಿ ಹೆಚ್ಚೆಂದರೆ 5,000 ರೂಪಾಯಿ ಕಡಿತ, ಆಮೇಲೆ ತಡವಾದಂತೆ ಶೇಕಡಾ 90, 80, 50, ಕೊನೆಯ ದಿನ ಕಳೆದು ಮೂವತ್ತು ದಿನ ಮೀರಿದರೆ ಏನೂ ಇಲ್ಲ. 2024-25ನೇ ಸಾಲಿಗೆ ಯುಜಿಸಿ ಇನ್ನೂ ಉದಾರವಾಗಿ, ಸೆಪ್ಟೆಂಬರ್ 30ರವರೆಗಿನ ರದ್ದತಿಗೆ ಪೂರ್ತಿ ಶುಲ್ಕವನ್ನು, ಅಕ್ಟೋಬರ್ 31ರವರೆಗಿನ ರದ್ದತಿಗೆ 1,000 ರೂಪಾಯಿಗಿಂತ ಹೆಚ್ಚು ಕಡಿಯದೆ ಉಳಿದದ್ದನ್ನು ಹಿಂದಿರುಗಿಸಬೇಕೆಂದು ತಿಳಿಸಿತ್ತು. ಇಂಥ ದಿನಾಂಕಗಳು ಆಯಾ ವರ್ಷದ್ದು, ಆದ್ದರಿಂದ ನಿಮ್ಮ ವರ್ಷದ ಸುತ್ತೋಲೆಯನ್ನು ಯುಜಿಸಿ ಜಾಲತಾಣದಿಂದಲೇ ಇಳಿಸಿಕೊಂಡು ಮುದ್ರಿಸಿ ಕೈಯಲ್ಲಿ ಹಿಡಿದುಕೊಂಡು ಹೋಗಿ. 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳ ಪ್ರಕಾರ ಸಂಸ್ಥೆಯಲ್ಲಿ ದೂರು ಪರಿಹಾರ ಸಮಿತಿಯೂ, ಅದರ ಮೇಲ್ಮನವಿಗೆ ಓಂಬುಡ್ಸ್‌ಪರ್ಸನ್ ಎಂಬ ಸ್ವತಂತ್ರ ಅಧಿಕಾರಿಯೂ ಇರಬೇಕು. ಯುಜಿಸಿಯ ಇ-ಸಮಾಧಾನ್ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು.

ನಾನು ಸಮಿತಿಗೂ ಇ-ಸಮಾಧಾನ್‌ಗೂ ಒಂದೇ ದಿನ ದೂರು ಕೊಟ್ಟೆ. ಬಾಯಿಮಾತಿನಲ್ಲಿ ಎಷ್ಟು ಜೋರು ಮಾಡಿದರೂ ಕದಲದವರು ದೂರಿನ ಸಂಖ್ಯೆಯನ್ನು ಇಮೇಲಿನಲ್ಲಿ ಬರೆದ ಮೇಲೆ ಉತ್ತರಿಸತೊಡಗಿದರು. ಅಂಕಪಟ್ಟಿಗಳು ಹದಿನೆಂಟು ದಿನಗಳ ಬಳಿಕ ಸ್ಪೀಡ್ ಪೋಸ್ಟಿನಲ್ಲಿ ಬಂದವು. ಕಾಲೇಜಿನ ಶುಲ್ಕ 1,10,000ದಲ್ಲಿ 1,09,000 ಡಿಸೆಂಬರ್ ಕೊನೆಗೆ ಖಾತೆಗೆ ಜಮೆಯಾಯಿತು. ನನ್ನ ಅರ್ಜಿ ತಮಗೆ ತಲುಪಿದ್ದು ಅಕ್ಟೋಬರ್ 4ಕ್ಕೆ ಎಂದು ಬರೆದುಕೊಂಡು ಒಂದು ಸಾವಿರ ಕಡಿದಿದ್ದರು. ಇಮೇಲಿನ ದಿನಾಂಕ ನನ್ನ ಬಳಿ ಇದ್ದರೂ ಒಂದು ಸಾವಿರಕ್ಕಾಗಿ ಮತ್ತೆ ಜಗಳವಾಡುವ ಚೈತನ್ಯ ಉಳಿದಿರಲಿಲ್ಲ. ಹಾಸ್ಟೆಲಿನ 70,000ದ ಬಗ್ಗೆ ಅವರ ಉತ್ತರ ಬೇರೆ: ಹಾಸ್ಟೆಲನ್ನು ನಡೆಸುವುದು ಪ್ರತ್ಯೇಕ ಸಂಸ್ಥೆ, ವಿಶ್ವವಿದ್ಯಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ. ರಸೀದಿಯನ್ನು ತೆಗೆದು ನೋಡಿದರೆ ನಿಜವಾಗಿಯೂ ಬೇರೆ ಹೆಸರೇ ಇತ್ತು. ಹಣ ಕಟ್ಟುವಾಗ ಕಿಟಕಿ ಒಂದೇ ಆಗಿತ್ತು, ರಸೀದಿಗಳು ಮಾತ್ರ ಎರಡು.

ಆ ಹೊತ್ತಿಗೆ ನಮ್ಮ ಕಲಬುರಗಿಯ ಸೀಟು ಬೇರೆಯವರ ಪಾಲಾಗಿತ್ತು. ಮಗಳು ಆ ವರ್ಷ ಮನೆಯಲ್ಲೇ ಉಳಿದು 2025ರಲ್ಲಿ ಮತ್ತೆ ಸಿಇಟಿ ಬರೆದಳು. ಈಗ ಇದೇ ಊರಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಬಯಸಿದ ವಿಭಾಗ ಅದಲ್ಲ, ಅದನ್ನು ಅವಳು ನನಗೆ ಒಮ್ಮೆಯೂ ಹೇಳಿಲ್ಲ.

ಖಾಸಗಿ ವಿಶ್ವವಿದ್ಯಾಲಯಗಳೆಲ್ಲ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಷರತ್ತುಗಳನ್ನು ಮೊದಲೇ ಮುದ್ರಿಸಿ ಕೊಟ್ಟು ನಾಲ್ಕು ವರ್ಷವೂ ಸ್ಕಾಲರ್‌ಶಿಪ್ ಕೊಟ್ಟ ಸಂಸ್ಥೆಯಲ್ಲಿ ನಮ್ಮ ಸೋದರಳಿಯನೇ ಓದಿದ್ದಾನೆ. ಪತ್ರ ಕೊಟ್ಟವರನ್ನು ಮೊದಲು ಕೇಳಬೇಕಾದದ್ದು ಸ್ಕಾಲರ್‌ಶಿಪ್ ಎಷ್ಟು ಎಂದಲ್ಲ. ಯಾವ ಶುಲ್ಕದ ಮೇಲೆ, ಎಷ್ಟು ವರ್ಷಕ್ಕೆ, ಯಾವ ಅಂಕಕ್ಕೆ ತಪ್ಪುತ್ತದೆ, ಕಳೆದ ವರ್ಷ ಪಡೆದವರಲ್ಲಿ ಎಷ್ಟು ಜನರಿಗೆ ಎರಡನೆಯ ವರ್ಷವೂ ಮುಂದುವರಿಯಿತು ಎಂದು. ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಮೂಲ ಅಂಕಪಟ್ಟಿಯನ್ನು ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲವನ್ನು ಅದೇ ಚೀಲದಲ್ಲಿ ಮರಳಿ ತನ್ನಿ. ಸಿಇಟಿಯ ಕೊನೆಯ ಸುತ್ತು ಮುಗಿಯುವವರೆಗೆ 371(ಜೆ) ಪ್ರಮಾಣಪತ್ರದಿಂದ ಸಿಕ್ಕ ಸೀಟನ್ನು ಯಾರ ಮಾತಿಗೂ ಬಿಡಬೇಡಿ.

ಕಳೆದ ತಿಂಗಳು ಅದೇ ವಿನಯವಂತ ಹುಡುಗ ನನ್ನ ತಮ್ಮನ ಮಗನಿಗಾಗಿ ಫೋನು ಮಾಡಿದ್ದ. ನನ್ನ ಹೆಸರು ಅವನಿಗೆ ನೆನಪಿರಲಿಲ್ಲ. ಷರತ್ತುಗಳ ಪ್ರತಿಯನ್ನು ಮೊದಲು ಕಳುಹಿಸಿ, ಓದಿದ ಮೇಲೆ ಮಾತನಾಡೋಣ ಎಂದೆ. ಕಳುಹಿಸುತ್ತೇನೆಂದು ಹೇಳಿದ್ದಾನೆ, ಇನ್ನೂ ಬಂದಿಲ್ಲ.