ಕಿಟ್ ಕಾರಿನ ರಿಲೇ ಬಾಕ್ಸ್ ಮತ್ತು ಸ್ವಿಚ್‌ಗಳು: ನಾಲ್ಕು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಬಾಕ್ಸ್ ಚೆನ್ನಾಗಿದೆ, ಸ್ವಿಚ್‌ಗಳು ಪರವಾಗಿಲ್ಲ. ಜೊತೆಗೆ ಸೇರಿಸಿ ಕೊಟ್ಟ ರಿಲೇಗಳನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್‌ಗಳನ್ನು) ಮಾತ್ರ ನಂಬಬೇಡಿ.

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿ ಹತ್ತಿರ. ಇಲ್ಲಿ ಬಿಡಿಭಾಗಗಳ ಕಿಟ್ ತಂದು ಮನೆ ಗ್ಯಾರೇಜಿನಲ್ಲೇ ಕಾರು ಕಟ್ಟಬಹುದು. ಐವಿಎ ಅನ್ನುವ ತಪಾಸಣೆ ಪಾಸಾದರೆ ನಂಬರ್ ಸಿಗುತ್ತದೆ. ನನ್ನದು ಲೋಟಸ್ ಸೆವೆನ್ ಅನ್ನುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಆಕಾರದ ಗಾಡಿ. ಎಂಜಿನ್, ಗೇರ್‌ಬಾಕ್ಸ್ ಹಳೇ ಮಾಜ್ದಾ ಎಂಎಕ್ಸ್-5ರದು. ಎಂಜಿನ್ನಿನ ವೈರಿಂಗ್ ಮಾಜ್ದಾದ್ದನ್ನೇ ಉಳಿಸಿಕೊಂಡೆ. ಲೈಟು, ಹಾರ್ನ್, ಫ್ಯಾನ್ ಎಲ್ಲಕ್ಕೂ ಹೊಸದಾಗಿ ವೈರ್ ಎಳೆದೆ. ಅದಕ್ಕೆ ಕೊಂಡಿದ್ದು ಈ ಫ್ಯೂಸ್-ರಿಲೇ ಬಾಕ್ಸ್ ಮತ್ತು ರಾಕರ್ (ಒತ್ತಿದರೆ ಆಚೀಚೆ ವಾಲುವ) ಸ್ವಿಚ್ ಸೆಟ್.

ಇಷ್ಟೊಂದು ರಿಲೇ ಯಾಕೆ ಅಂತ ಕೇಳುವವರಿಗೆ ಒಂದು ಲೆಕ್ಕ. 55 ವ್ಯಾಟಿನ ಎರಡು ಡಿಪ್ ಬಲ್ಬ್ 9 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತವೆ. ತಣ್ಣಗಿರುವ ಬಲ್ಬ್ ಹೊತ್ತಿಕೊಳ್ಳುವ ಕ್ಷಣದಲ್ಲಂತೂ ಅದರ ಹಲವು ಪಟ್ಟು. ಸ್ವಿಚ್ ಮೇಲೆ 10 ಆಂಪಿಯರ್ ಅಂತ ಇರುತ್ತದೆ, ನಿಜ. ಪಕ್ಕದಲ್ಲೇ 250 ವೋಲ್ಟ್ ಎಸಿ ಅಂತಲೂ ಇರುತ್ತದೆ. ಬ್ಯಾಟರಿಯ ಡಿಸಿ ಕರೆಂಟಿಗೆ ಆ ಲೆಕ್ಕ ನಡೆಯುವುದಿಲ್ಲ. ರಿಲೇ ಹಾಕಿದರೆ ಸ್ವಿಚ್ ಮೂಲಕ ಹೋಗುವುದು ರಿಲೇಯೊಳಗೆ ಕಾಂಟ್ಯಾಕ್ಟ್ ಎಳೆಯುವ ಕಾಯಿಲ್‌ಗೆ ಬೇಕಾದ ಸುಮಾರು 0.15 ಆಂಪಿಯರ್ ಅಷ್ಟೇ. ಅದಕ್ಕೇ ಈ ಸೆಟ್ಟಿನ ಸಾಧಾರಣ ಸ್ವಿಚ್‌ಗಳೂ ಇಷ್ಟು ವರ್ಷ ಬಾಳಿವೆ. ಹಾರ್ನ್ ಬಟನ್ ಮಾತ್ರ ಸ್ವಲ್ಪ ಸಡಿಲವಾಗಿದೆ.

ಇನ್ನು ಆ ರಿಲೇಗಳ ಕಥೆ. ಕವರ್ ಮೇಲೆ 40 ಆಂಪಿಯರ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಮೊದಲ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಸಂಜೆ ಕಾರು ನಿಲ್ಲಿಸಿ ಕೀ ತೆಗೆದರೂ ರೇಡಿಯೇಟರ್ ಫ್ಯಾನ್ ತಿರುಗುತ್ತಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ನಿಲ್ಲಬಹುದು ಅಂತ ಕಾದೆ, ನಿಲ್ಲಲಿಲ್ಲ. ಸ್ಪ್ಯಾನರ್ ಹಿಡಿಯಿಂದ ರಿಲೇ ತಲೆಗೆ ಒಂದು ತಟ್ಟಿದೆ. ಟಕ್ ಅಂತ ಬಿಟ್ಟುಕೊಂಡಿತು. ಬಿಚ್ಚಿ ನೋಡಿದರೆ ಎರಡು ಕಾಂಟ್ಯಾಕ್ಟೂ ಕಪ್ಪಾಗಿ, ನಡುವೆ ಕರಗಿದ ಲೋಹದ ಸಣ್ಣ ಮೊನೆ ಎದ್ದಿತ್ತು. ಫ್ಯಾನ್ ಶುರುವಾಗುವಾಗಿನ ಕರೆಂಟಿಗೆ ಅಂಟಿಕೊಂಡುಬಿಟ್ಟಿದೆ. ಮಾರಿದವರಿಗೆ ಬರೆದರೆ ಹೊಸದೊಂದು ಕಳಿಸಿದರು, ಅದೂ ಅದೇ ಮಾಲು. ಆಮೇಲೆ ಎಲ್ಲವನ್ನೂ ತೆಗೆದು ಒಳ್ಳೆ ಕಂಪನಿಯ ರಿಲೇ ಹಾಕಿದೆ. ಈವರೆಗೆ ಒಂದೂ ತಕರಾರಿಲ್ಲ.

ಇಲ್ಲೇ ಬಾಕ್ಸಿನ ಲಾಭ ಗೊತ್ತಾಗುವುದು. ರಿಲೇ ಕಿತ್ತು ಇನ್ನೊಂದು ಒತ್ತಿದರೆ ಕೆಲಸ ಮುಗೀತು. ರಿಲೇ ಪಿನ್‌ಗಳಿಗೆ ನಂಬರ್ ಇರುತ್ತದೆ: 30ಕ್ಕೆ ಫ್ಯೂಸ್ ಮೂಲಕ ಬಂದ ಕರೆಂಟ್, 87ರಿಂದ ಲೈಟಿಗೋ ಫ್ಯಾನಿಗೋ, 85 ಮತ್ತು 86 ಕಾಯಿಲ್. ಈ ನಂಬರು ಹೆಚ್ಚಿನ ಕಂಪನಿಗಳದ್ದು ಒಂದೇ. ಆದರೆ ನಂಬರ್ ಓದದೆ ಚುಚ್ಚಬೇಡಿ. ಕೆಲವು ರಿಲೇಗಳಲ್ಲಿ 30 ಮತ್ತು 86ರ ಜಾಗ ಅದಲುಬದಲಾಗಿರುತ್ತದೆ. ಐದು ಪಿನ್ ಇದ್ದರೆ ನಡುವಿನದು 87ಎ ಆಗಿರಬಹುದು, ಇನ್ನೊಂದು 87 ಕೂಡ ಆಗಿರಬಹುದು. 87ಎ ಆದರೆ ಸ್ವಿಚ್ ಆಫ್ ಇರುವಾಗಲೇ ಅದರಲ್ಲಿ ಕರೆಂಟ್ ಇರುತ್ತದೆ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಆದರೆ ಪಾಸಿಟಿವ್ 86ಕ್ಕೇ ಹೋಗಬೇಕು. ತಿರುಗಿಸಿ ಕೊಟ್ಟರೆ ನೇರ ಶಾರ್ಟ್.

ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಅದರ ಬಗ್ಗೆ ಜಾಸ್ತಿ ಹೇಳಲೇಬೇಕು. ಮಾಮೂಲಿ ಕಾರಿನಲ್ಲಿ ತಗಡಿನ ಬಾಡಿಯೇ ಅರ್ಥ್. ನನ್ನ ಗಾಡಿಯ ಮೂತಿ, ಮಡ್‌ಗಾರ್ಡ್ ಎಲ್ಲ ಫೈಬರ್‌ಗ್ಲಾಸ್. ಕರೆಂಟ್ ಹಾಯುವುದಿಲ್ಲ. ಹಾಗಾಗಿ ಪ್ರತಿ ಲೈಟಿಗೂ ಕಪ್ಪು ವೈರ್ ಬೇರೆ ಎಳೆಯಬೇಕು, ಚಾಸಿಯ ಬಣ್ಣ ಕೆರೆದು ಬೋಲ್ಟ್ ಹಾಕಬೇಕು. ಈ ಬಾಕ್ಸಿನಲ್ಲಿ ಅರ್ಥ್‌ಗೆ ಅಂತ ಒಂದು ಪಟ್ಟಿಯೇ ಇದೆ. ಎಲ್ಲ ಕಾಯಿಲ್‌ಗಳ ವಾಪಸ್ ವೈರ್ ಅಲ್ಲಿಗೆ ಬರುತ್ತದೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟ್ ಮಿಣುಕುವ ಚೇಷ್ಟೆ ನಮ್ಮಲ್ಲಿ ಒಮ್ಮೆಯೂ ಆಗಿಲ್ಲ, ಅದಕ್ಕೆ ಪ್ರತಿ ಲೈಟಿಗೂ ಬೇರೆ ಎಳೆದ ಅರ್ಥ್ ವೈರೇ ಕಾರಣ. ಹೆಡ್‌ಲೈಟಿಗೆ 2 ಚದರ ಮಿ.ಮೀ. ತೆಳು ಕವಚದ ವೈರ್ ಎಳೆದಿದ್ದೇನೆ, ಅದು 25 ಆಂಪಿಯರ್ ತಡೆಯುತ್ತದೆ. ಬಣ್ಣಗಳು ಹಳೇ ಬ್ರಿಟಿಷ್ ಪದ್ಧತಿಯವು: ನೇರ ಬ್ಯಾಟರಿಯದು ಕಂದು, ಇಗ್ನಿಷನ್‌ದು ಬಿಳಿ, ಡಿಪ್‌ಗೆ ನೀಲಿ ಮೇಲೆ ಕೆಂಪು ಗೀರು.

ಸ್ವಿಚ್ ಆರಿಸುವಾಗ ವಿಮಾನದ ಕಾಕ್‌ಪಿಟ್ಟಿನ ಥರದ ಕಬ್ಬಿಣದ ಟಾಗಲ್ ಮೇಲೆ ಮನಸ್ಸಿತ್ತು. ಆದರೆ ಐವಿಎ ತಪಾಸಣೆಯಲ್ಲಿ ತಲೆ, ಮೊಣಕಾಲು ತಾಗುವ ಕಡೆ ಚೂಪು ಅಂಚು ಇರುವ ಹಾಗಿಲ್ಲ, 2.5 ಮಿ.ಮೀ.ನಷ್ಟು ದುಂಡಗಿರಬೇಕು. ಕೆಲವರು ತಪಾಸಣೆಗೆ ಮಾತ್ರ ರಬ್ಬರ್ ಟೋಪಿ ಹಾಕಿಕೊಂಡು ಹೋಗುತ್ತಾರೆ. ನನಗೆ ಆ ನಾಟಕ ಬೇಡವಾಗಿತ್ತು, ರಾಕರ್ ಹಾಕಿದೆ. ಹಿಂದಿನ ಫಾಗ್ ಲೈಟಿನ ಸ್ವಿಚ್ಚಿಗೆ ಡಿಪ್‌ನಿಂದಲೇ ಕರೆಂಟ್ ಕೊಟ್ಟಿದ್ದೇನೆ, ಹೆಡ್‌ಲೈಟ್ ಇಲ್ಲದೆ ಅದು ಹೊತ್ತುವುದಿಲ್ಲ. ಸ್ವಿಚ್ಚಿನೊಳಗಿನ ಸಣ್ಣ ದೀಪ ಮಾತ್ರ ಬಿಸಿಲಲ್ಲಿ ಕಾಣುವುದೇ ಇಲ್ಲ. ಮೇಲೆ ಚಾವಣಿ ಇಲ್ಲದ ಕಾರಿಗೆ ಇದು ದೊಡ್ಡ ಕೊರತೆ ಅಲ್ವಾ?

ಊರಿನವರಿಗೆ ಒಂದು ಮಾತು. ಭಾರತದಲ್ಲಿ ಇಡೀ ಕಾರು ಕಟ್ಟಿ ನಂಬರ್ ಹಾಕಿಸುವುದು ಸುಲಭವಲ್ಲ. ಇರುವ ಗಾಡಿಯನ್ನು ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ಹೊಂದದ ಹಾಗೆ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹಳೇ ಜೀಪಿನ ಮಂಕು ಹೆಡ್‌ಲೈಟಿಗೆ ರಿಲೇ ಹಾಕಲು ಇದೇ ಜ್ಞಾನ ಸಾಕು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಾಕೆಟ್ ಸಮೇತ ಸಿಗುತ್ತದೆ. ಸೋಲ್ಡರ್ ಮಾಡಬೇಡಿ, ಅಲುಗಾಟಕ್ಕೆ ವೈರ್ ಆ ಅಂಚಿನಲ್ಲೇ ಮುರಿಯುತ್ತದೆ. ವೈರಿನ ತುದಿಗೆ ಟರ್ಮಿನಲ್ ಒತ್ತಿ ಕೂರಿಸುವ ಒಳ್ಳೆ ಕ್ರಿಂಪಿಂಗ್ ಪ್ಲೈಯರ್‌ಗೆ ದುಡ್ಡು ಹಾಕಿ. ಬಾಕ್ಸನ್ನು ಪಿನ್ ಕೆಳಮುಖ ಇರುವ ಹಾಗೆ ಕೂರಿಸಿ, ಒಳಗೆ ನೀರು ನಿಲ್ಲುವುದಿಲ್ಲ.

ಬಾಕ್ಸ್ ಮೇಲೆ ಒಂದೇ ದೂರು. ಮುಚ್ಚಳದ ಕ್ಲಿಪ್ ಎರಡನೇ ಚಳಿಗಾಲದಲ್ಲಿ ಮುರಿಯಿತು. ಮುಚ್ಚಳ ಬಿಡಿಯಾಗಿ ಮಾರುವುದಿಲ್ಲವಂತೆ, ಬೇಕಾದರೆ ಇಡೀ ಬಾಕ್ಸ್ ಕೊಳ್ಳಬೇಕಂತೆ. ಸದ್ಯಕ್ಕೆ ಕೇಬಲ್ ಟೈ ಹಾಕಿ ಬಿಗಿದಿದ್ದೇನೆ.